53, 58, 43: ಒಂದೇ ಲೆಕ್ಕಕ್ಕೆ ಮೂರು ಉತ್ತರಗಳು. ಗಣಗಳ ಸಂಯೋಗವನ್ನು ಎಣಿಸುವಾಗ ಎಡವುವುದು ಎಲ್ಲಿ?

ಪ್ರಶ್ನೆ: ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸಂಜೆಯ ಹೊತ್ತು ಮನೆಯಲ್ಲಿಯೇ ಹನ್ನೆರಡು ಮಂದಿಗೆ ಗಣಿತ ಹೇಳಿಕೊಡುತ್ತೇನೆ. ಅವರಲ್ಲಿ ಕೆಲವರು ಪ್ರಥಮ ಪಿಯುಸಿಯವರು, ಉಳಿದವರು ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರು. ಕಳೆದ ವಾರ ಗಣಗಳ ಪಾಠ ಮುಗಿಸಿ ಅವರಿಗೆ ಈ ಲೆಕ್ಕವನ್ನು ಕೊಟ್ಟೆ.

ಒಂದು ತರಗತಿಯಲ್ಲಿ 60 ವಿದ್ಯಾರ್ಥಿಗಳಿದ್ದಾರೆ. ಅವರಲ್ಲಿ 34 ಮಂದಿ ಕಬಡ್ಡಿ, 29 ಮಂದಿ ಖೋ-ಖೋ, 24 ಮಂದಿ ವಾಲಿಬಾಲ್ ಆಡುತ್ತಾರೆ. ಕಬಡ್ಡಿ ಮತ್ತು ಖೋ-ಖೋ ಆಡುವವರು 14 ಮಂದಿ, ಖೋ-ಖೋ ಮತ್ತು ವಾಲಿಬಾಲ್ ಆಡುವವರು 11 ಮಂದಿ, ಕಬಡ್ಡಿ ಮತ್ತು ವಾಲಿಬಾಲ್ ಆಡುವವರು 9 ಮಂದಿ. ಮೂರು ಆಟಗಳನ್ನೂ ಆಡುವವರು 5 ಮಂದಿ. ಹಾಗಾದರೆ ಒಂದಾದರೂ ಆಟವನ್ನು ಆಡುವವರು ಎಷ್ಟು ಮಂದಿ?

ಪುಸ್ತಕದ ಹಿಂದೆ 58 ಎಂದು ಉತ್ತರವಿದೆ. ನನ್ನ ಮಕ್ಕಳಲ್ಲಿ ಐದು ಮಂದಿಗೆ 53 ಬಂದಿದೆ; ಅವರು 34, 29, 24 ಇವನ್ನು ಕೂಡಿ ಬಂದ 87ರಿಂದ 14, 11, 9 ಇವುಗಳ ಮೊತ್ತವಾದ 34ನ್ನು ಕಳೆದು ಅಲ್ಲಿಗೇ ನಿಲ್ಲಿಸಿದ್ದಾರೆ. ಇಬ್ಬರಿಗೆ 43 ಬಂದಿದೆ. ಅವರ ವಾದ ಹೀಗಿದೆ: 14 ಮಂದಿ ಎರಡು ಆಟ ಆಡುವವರು, ಮೂರು ಆಟ ಆಡುವ 5 ಮಂದಿ ಬೇರೆಯೇ ಇದ್ದಾರೆ, ಎರಡು ಆಟದವರನ್ನು ಒಂದು ಸಲ ಹೆಚ್ಚಾಗಿ ಎಣಿಸಿದ್ದೇವೆ, ಮೂರು ಆಟದವರನ್ನು ಎರಡು ಸಲ ಹೆಚ್ಚಾಗಿ ಎಣಿಸಿದ್ದೇವೆ, ಆದ್ದರಿಂದ 87ರಿಂದ 34ನ್ನೂ 10ನ್ನೂ ಕಳೆಯಬೇಕು. ನಿಜ ಹೇಳುವುದಾದರೆ ಈ ಇಬ್ಬರ ತರ್ಕ ನನಗೆ ಸರಿಯೆಂದೇ ಕಂಡಿತು, ಆದರೂ ಉತ್ತರ ಹೊಂದುವುದಿಲ್ಲ.

ಸೂತ್ರ ನನಗೆ ಗೊತ್ತಿದೆ. ಕೊನೆಯಲ್ಲಿ ಆ 5ನ್ನು ಮತ್ತೆ ಏಕೆ ಕೂಡಬೇಕು ಎಂಬುದನ್ನು ಮನಸ್ಸಿಗೆ ನಾಟುವಂತೆ ಹೇಗೆ ಹೇಳುವುದು, ಮತ್ತು 43 ಎಂದವರಿಗೆ ಏನೆಂದು ಉತ್ತರಿಸುವುದು ಎಂಬುದು ನನ್ನ ಪ್ರಶ್ನೆ. ಆಟಕ್ಕೊಂದು ವೃತ್ತವನ್ನು ಒಂದರ ಮೇಲೊಂದು ಹಾಯುವಂತೆ ಬರೆಯುವ ವೆನ್ ಚಿತ್ರವನ್ನು ಬರೆದು ತೋರಿಸಿದೆ. ಚಿತ್ರ ನೋಡುವಾಗ ತಲೆಯಾಡಿಸುತ್ತಾರೆ, ಮುಂದಿನ ಲೆಕ್ಕಕ್ಕೆ ಮತ್ತೆ ಅದೇ ತಪ್ಪು.

ಉತ್ತರ 1: ಹಳೆಯ ಕರಿಹಲಗೆ

ಮೇಡಂ, ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತನಾದವನು. ಈಗ ಪಿಯುಸಿಯ ಮೊದಲ ಅಧ್ಯಾಯವಾಗಿರುವ ಗಣಗಳ ಪಾಠ ಕೆಲವು ವರ್ಷಗಳ ಹಿಂದೆ ನಮ್ಮ ಹತ್ತನೆಯ ತರಗತಿಯ ಪುಸ್ತಕದಲ್ಲಿಯೇ ಇತ್ತು. ಆದ್ದರಿಂದ ನೀವು ಹೇಳಿದ 53ನ್ನು ನಾನು ಪ್ರತಿ ವರ್ಷ ಒಂದಲ್ಲ ಒಂದು ವೇಷದಲ್ಲಿ ನೋಡಿದ್ದೇನೆ. ಅದಕ್ಕೆ ನಾನು ಕಂಡುಕೊಂಡ ಮದ್ದು ಒಂದು ಮುಷ್ಟಿ ಹುಣಸೆ ಬೀಜ.

ತರಗತಿಯಲ್ಲಿ ಮೂರು ಆಟಗಳಿಗೂ ಬೇರೆ ಬೇರೆ ಹೆಸರಿನ ಪಟ್ಟಿ ಬರೆಯಿರಿ. ಮೊದಲು ಕಬಡ್ಡಿಯ ಪಟ್ಟಿಯನ್ನು ಓದುತ್ತಾ, ಹೆಸರು ಬಂದವರ ಅಂಗೈಗೆ ಒಂದೊಂದು ಬೀಜ ಹಾಕಿ. ಆಮೇಲೆ ಖೋ-ಖೋ ಪಟ್ಟಿ, ಆಮೇಲೆ ವಾಲಿಬಾಲ್ ಪಟ್ಟಿ. ನಿಮ್ಮ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ 87 ಬೀಜಗಳು ಖರ್ಚಾಗಿರುತ್ತವೆ. ಈಗ ಮಕ್ಕಳಿಗೆ ಹೇಳಿ: ನಮಗೆ ಬೇಕಾದದ್ದು ಆಟಗಾರರ ಸಂಖ್ಯೆ, ಬೀಜಗಳ ಸಂಖ್ಯೆಯಲ್ಲ, ಆದ್ದರಿಂದ ಪ್ರತಿಯೊಬ್ಬ ಆಟಗಾರನ ಕೈಯಲ್ಲಿ ಸರಿಯಾಗಿ ಒಂದೇ ಬೀಜ ಉಳಿಯುವಂತೆ ಮಾಡಿದರೆ, ಆಗ ಬೀಜ ಎಣಿಸಿದರೂ ಒಂದೇ, ತಲೆ ಎಣಿಸಿದರೂ ಒಂದೇ.

ಅದಕ್ಕಾಗಿ ಜೋಡಿ ಪಟ್ಟಿಗಳನ್ನು ಓದಿ. ಕಬಡ್ಡಿಯಲ್ಲೂ ಖೋ-ಖೋದಲ್ಲೂ ಹೆಸರಿರುವ 14 ಮಂದಿ ಒಂದೊಂದು ಬೀಜ ಹಿಂತಿರುಗಿಸಲಿ, ಹಾಗೆಯೇ ಇನ್ನೆರಡು ಜೋಡಿಗಳ 11 ಮಂದಿ ಮತ್ತು 9 ಮಂದಿ ಹಿಂತಿರುಗಿಸಲಿ. ಎರಡೇ ಆಟ ಆಡುವ ಹುಡುಗನ ಹೆಸರು ಒಂದೇ ಜೋಡಿ ಪಟ್ಟಿಯಲ್ಲಿ ಬರುತ್ತದೆ. ಅವನು ಎರಡು ಪಡೆದಿದ್ದ, ಒಂದು ಕೊಟ್ಟ, ಒಂದು ಉಳಿಯಿತು. ಮೂರೂ ಆಟ ಆಡುವವನ ಹೆಸರಾದರೋ ಮೂರು ಜೋಡಿ ಪಟ್ಟಿಗಳಲ್ಲೂ ಬರುತ್ತದೆ. ಅವನು ಮೂರು ಪಡೆದಿದ್ದ, ಮೂರನ್ನೂ ಕೊಟ್ಟುಬಿಟ್ಟ. ಎಲ್ಲರಿಗಿಂತ ಹೆಚ್ಚು ಆಡುವ ಆ ಐದು ಮಂದಿ ಬರಿಗೈಯಲ್ಲಿ ನಿಂತಿರುವುದನ್ನು ತರಗತಿ ಕಣ್ಣಾರೆ ನೋಡುತ್ತದೆ. ಉಳಿದಿರುವ 53 ಬೀಜಗಳು ಉಳಿದ 53 ಮಂದಿಯ ಕೈಯಲ್ಲಿವೆ. ಆ ಐವರಿಗೆ ಒಂದೊಂದು ಬೀಜ ಮರಳಿ ಕೊಟ್ಟರೆ 58.

ಈ ಕೊಡುವ, ಪಡೆಯುವ, ಮರಳಿ ಕೊಡುವ ಕ್ರಿಯೆಯನ್ನೇ ಸೂತ್ರ ಹೀಗೆ ಬರೆಯುತ್ತದೆ (ಕ, ಖ, ವ ಎಂದರೆ ಮೂರು ಆಟಗಳ ಪಟ್ಟಿಗಳು, ಎನ್ ಎಂದರೆ ಅವುಗಳಲ್ಲಿರುವವರ ಸಂಖ್ಯೆ; ∪ ಎಂದರೆ ಸಂಯೋಗ, ಒಂದರಲ್ಲಾದರೂ ಇರುವವರು; ∩ ಎಂದರೆ ಛೇದನ, ಎಲ್ಲದರಲ್ಲೂ ಇರುವವರು):

ಎನ್(ಕ ∪ ಖ ∪ ವ) = ಎನ್(ಕ) + ಎನ್(ಖ) + ಎನ್(ವ) − ಎನ್(ಕ ∩ ಖ) − ಎನ್(ಖ ∩ ವ) − ಎನ್(ಕ ∩ ವ) + ಎನ್(ಕ ∩ ಖ ∩ ವ)

ಎರಡು ಗಣಗಳಿದ್ದಾಗ ಬರಿಗೈಯವರು ಯಾರೂ ಇರುವುದಿಲ್ಲವಾದ್ದರಿಂದ ಅಲ್ಲಿ ಕೂಡಿ ಒಂದು ಸಲ ಕಳೆದರೆ ಸಾಕಾಗುತ್ತದೆ. ಎರಡು ಗಣಗಳ ಲೆಕ್ಕವನ್ನು ಹತ್ತು ಸಲ ಮಾಡಿ ರೂಢಿಯಾದ ಕೈ, ಮೂರು ಗಣಗಳು ಬಂದಾಗಲೂ ಕಳೆದಲ್ಲಿಯೇ ನಿಂತುಬಿಡುತ್ತದೆ. ಮಕ್ಕಳು ದಡ್ಡರಾಗಿರುವುದರಿಂದ 53 ಬರುತ್ತದೆ ಎಂದು ನಾನು ಎಂದೂ ಭಾವಿಸಿಲ್ಲ.

ಉತ್ತರ 2: ಪದಬಿಡಿಸು

ಮೇಷ್ಟ್ರು 53ರ ಕಥೆಯನ್ನು ಮುಗಿಸಿದ್ದಾರೆ. ನಾನು 43ರ ಬಗ್ಗೆ ಬರೆಯುತ್ತೇನೆ, ಏಕೆಂದರೆ ನನ್ನ ದೃಷ್ಟಿಯಲ್ಲಿ ಆ ಇಬ್ಬರು ಮಕ್ಕಳು ಗಣಿತದಲ್ಲಿ ತಪ್ಪು ಮಾಡಿಲ್ಲ. ಅವರು ಓದಿಕೊಂಡ ಅರ್ಥವೇ ಬೇರೆ. 'ಕಬಡ್ಡಿ ಮತ್ತು ಖೋ-ಖೋ ಆಡುವವರು 14 ಮಂದಿ' ಎಂಬ ವಾಕ್ಯವನ್ನು ಅವರು 'ಕಬಡ್ಡಿ ಮತ್ತು ಖೋ-ಖೋ ಮಾತ್ರ ಆಡುವವರು' ಎಂದು ಓದಿದ್ದಾರೆ. ಹಾಗೆ ಓದಿದರೆ 87ರಿಂದ 34ನ್ನೂ 10ನ್ನೂ ಕಳೆದು 43 ಎನ್ನುವುದು ನಿಷ್ಕಳಂಕವಾದ ತರ್ಕವೇ ಆಗಿದೆ.

ಆದರೆ ಆ ಓದು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಲೆಕ್ಕವೇ ತೋರಿಸಿಕೊಡುತ್ತದೆ. ಅವರ ಅರ್ಥವನ್ನೇ ಒಪ್ಪಿಕೊಂಡು ವೆನ್ ಚಿತ್ರದ ಖೋ-ಖೋ ವೃತ್ತವನ್ನು ತುಂಬಿಸಲು ಹೇಳಿ. ಖೋ-ಖೋ ಆಡುವವರು ಒಟ್ಟು 29. ಅದರೊಳಗೆ ಕಬಡ್ಡಿಯನ್ನೂ ಆಡುವ 14, ವಾಲಿಬಾಲನ್ನೂ ಆಡುವ 11, ಮೂರನ್ನೂ ಆಡುವ 5 ಎಂದರೆ 30 ಆಯಿತು. ಖೋ-ಖೋ ಮಾತ್ರ ಆಡುವವರ ಜಾಗದಲ್ಲಿ −1 ಬರೆಯಬೇಕಾಗುತ್ತದೆ. ವಾಲಿಬಾಲ್ ವೃತ್ತದಲ್ಲೂ ಅದೇ ಗತಿ: 24ರೊಳಗೆ 11, 9, 5 ಸೇರಿ 25. ತರಗತಿಯಲ್ಲಿ ಋಣ ಒಂದು ವಿದ್ಯಾರ್ಥಿ ಕೂರುವುದಿಲ್ಲ. ಆದ್ದರಿಂದ ಆ ಓದನ್ನು ಕೈಬಿಡಲೇಬೇಕು. ಪುಸ್ತಕದ ಓದಿನಂತೆ 14ರಲ್ಲಿ ಆ 5 ಸೇರಿದ್ದಾರೆಂದು ಹಿಡಿದರೆ, ಕಬಡ್ಡಿ-ಖೋ-ಖೋ ಎರಡನ್ನೇ ಆಡುವವರು 9, ಖೋ-ಖೋ-ವಾಲಿಬಾಲ್ ಎರಡನ್ನೇ ಆಡುವವರು 6, ಕಬಡ್ಡಿ-ವಾಲಿಬಾಲ್ ಎರಡನ್ನೇ ಆಡುವವರು 4, ಬರೀ ಕಬಡ್ಡಿಯವರು 16, ಬರೀ ಖೋ-ಖೋದವರು 9, ಬರೀ ವಾಲಿಬಾಲಿನವರು 9, ನಡುವೆ 5. ಎಲ್ಲ ಧನ ಸಂಖ್ಯೆಗಳೇ, ಮೊತ್ತ 58.

ಎಲ್ಲ ಲೆಕ್ಕಗಳೂ ಇಷ್ಟು ಉಪಕಾರಿಗಳಾಗಿರುವುದಿಲ್ಲ. ಅಂಕಿಗಳು ಸ್ವಲ್ಪ ಬೇರೆಯಾಗಿದ್ದರೆ ಎರಡೂ ಓದುಗಳು ಹೊಂದಿಕೊಂಡು, ಯಾವುದು ಸರಿ ಎಂಬುದಕ್ಕೆ ವಾಕ್ಯವೊಂದೇ ಸಾಕ್ಷಿಯಾಗಿ ಉಳಿಯುತ್ತದೆ. ಅದಕ್ಕಾಗಿ ಮಕ್ಕಳಿಗೆ ಮೂರು ಪದಗಳನ್ನು ಕಂಡಾಗ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೇಳಿ. ಮೊದಲನೆಯದು 'ಮಾತ್ರ'. 'ಬರೀ', 'ಕೇವಲ', 'ಎರಡನ್ನೇ' ಎಂಬುದರ ಏಕಾರ, ಇವೆಲ್ಲ ಅದರ ಬಳಗವೇ. ಈ ಪದವಿದ್ದರೆ ಆ ಸಂಖ್ಯೆ ವೆನ್ ಚಿತ್ರದ ಒಂದು ಕೋಣೆಗೆ ನೇರವಾಗಿ ಹೋಗುತ್ತದೆ. ಇಲ್ಲದಿದ್ದರೆ ಅದು ಕೋಣೆಗಳ ಗುಂಪಿಗೆ ಸೇರಿದ್ದು.

ಎರಡನೆಯದು ಪದದ ಕೊನೆಗೆ ಬರುವ 'ಊ'. ಕಬಡ್ಡಿಯನ್ನೂ ಖೋ-ಖೋವನ್ನೂ ಆಡುವವರು ಎಂದರೆ ಛೇದನ ಗಣ ಎಂಬುದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ಮೂರನೆಯ ಆಟದ ಬಗ್ಗೆ ಆ ವಾಕ್ಯ ಬಾಯಿ ಬಿಡುವುದಿಲ್ಲ ಎಂಬುದೂ ಸ್ಪಷ್ಟ. 'ಮತ್ತು' ಹಾಗಲ್ಲ. 'ಕಬಡ್ಡಿ ಮತ್ತು ಖೋ-ಖೋ ಆಟಗಾರರು ಮೈದಾನಕ್ಕೆ ಬನ್ನಿ' ಎಂದು ದೈಹಿಕ ಶಿಕ್ಷಕರು ಕೂಗಿದರೆ ಎರಡೂ ತಂಡಗಳು ಓಡಿ ಬರುತ್ತವೆ, ಅಂದರೆ ಅಲ್ಲಿ 'ಮತ್ತು' ಎಂಬುದು ಸಂಯೋಗವೇ ಹೊರತು ಛೇದನವಲ್ಲ. ಪ್ರಶ್ನೆಪತ್ರಿಕೆ ಬರೆಯುವವರು 'ಮತ್ತು' ಬಿಟ್ಟು 'ಊ' ಬಳಸಿದರೆ ಅರ್ಧ ಗೊಂದಲ ತಾನಾಗಿ ನೀಗುತ್ತದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮೂರನೆಯದು 'ಅಥವಾ'. ಹೋಟೆಲಿನಲ್ಲಿ 'ಕಾಫಿ ಅಥವಾ ಟೀ' ಎಂದು ಕೇಳಿದರೆ ಎರಡನ್ನೂ ತರಿಸಿಕೊಳ್ಳುವವರು ಯಾರೂ ಇಲ್ಲ. ಗಣಿತದ 'ಅಥವಾ' ಎರಡನ್ನೂ ಕುಡಿಯುವವನನ್ನು ಸೇರಿಸಿಕೊಂಡೇ ಇರುತ್ತದೆ. ನಿಮ್ಮ ಲೆಕ್ಕದಲ್ಲಿರುವ 'ಒಂದಾದರೂ' ಎಂಬುದು ಅದಕ್ಕಿಂತ ಎಷ್ಟೋ ಒಳ್ಳೆಯ ಪದ.

ಉತ್ತರ 3: ಗಡಿಯಾರ ನೋಡು

ಇಷ್ಟೆಲ್ಲ ವಿವರಣೆ ಪಾಠದ ಮಟ್ಟಿಗೆ ಸರಿ. ಆದರೆ ಹಲವು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗುವುದಿಲ್ಲ. ಸೂತ್ರವನ್ನು ಬಾಯಿಪಾಠ ಮಾಡಿಸಿ, ಅಂಕಿ ಹಾಕಿಸಿ, ಮುಂದಿನ ಪ್ರಶ್ನೆಗೆ ಕಳುಹಿಸುವುದೇ ಲೇಸು ಎಂದು ನನ್ನ ಅಭಿಪ್ರಾಯ. 'ನಿಖರವಾಗಿ ಎರಡು', 'ಕನಿಷ್ಠ ಎರಡು' ಎಂಬುದಕ್ಕೂ ಸಿದ್ಧ ಸೂತ್ರಗಳಿವೆ: ಜೋಡಿಗಳ ಮೊತ್ತದಿಂದ ಮೂರರ ಛೇದನವನ್ನು ಮೂರು ಸಲ ಕಳೆದರೆ ನಿಖರವಾಗಿ ಎರಡು, ಎರಡು ಸಲ ಕಳೆದರೆ ಕನಿಷ್ಠ ಎರಡು. ಇಲ್ಲಿ 34ರಿಂದ 15 ಕಳೆದರೆ 19, 34ರಿಂದ 10 ಕಳೆದರೆ 24. ಮುಗಿಯಿತು.

ಉತ್ತರ 4: ಹಳೆಯ ಕರಿಹಲಗೆ

ಗಡಿಯಾರದವರೇ, ನಿಮ್ಮ ಎರಡು ಸೂತ್ರಗಳೂ ಸರಿ. ಬೀಜದ ಲೆಕ್ಕ ತಿಳಿದವನು ಅವನ್ನು ಕಂಠಪಾಠ ಮಾಡಬೇಕಾಗಿಲ್ಲ ಎಂಬುದಷ್ಟೇ ನನ್ನ ತಕರಾರು: ಜೋಡಿ ಪಟ್ಟಿಗಳ ಮೊತ್ತದಲ್ಲಿ ಮೂರೂ ಆಡುವವನು ಮೂರು ಸಲ ಇದ್ದಾನೆ, ಅವನು ಬೇಡವಾದರೆ ಮೂರು ಸಲ ತೆಗೆಯಿರಿ, ಒಂದು ಸಲ ಬೇಕಾದರೆ ಎರಡು ಸಲ ತೆಗೆಯಿರಿ. 2 ಮತ್ತು 3 ಎಂಬ ಗುಣಕಗಳನ್ನು ಅದಲುಬದಲು ಮಾಡಿ ಬರೆದ ಉತ್ತರಪತ್ರಿಕೆಗಳನ್ನು ಕಟ್ಟುಗಟ್ಟಲೆ ತಿದ್ದಿದವನ ಮಾತಿದು.

ಇನ್ನೊಂದು ಸಂಗತಿಯೆಂದರೆ, ಅಂಕಿ ಹಾಕಲು ಅವಕಾಶವೇ ಇಲ್ಲದ ಪ್ರಶ್ನೆಗಳೂ ಬರುತ್ತವೆ. ಇದೇ ತರಗತಿಯಲ್ಲಿ ಕಬಡ್ಡಿ 34, ಖೋ-ಖೋ 29, ಒಟ್ಟು 60 ಎಂದಷ್ಟೇ ಕೊಟ್ಟು, ಎರಡನ್ನೂ ಆಡುವವರು ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಕೇಳಿದರೆ ಸೂತ್ರದಲ್ಲಿ ಎರಡು ಅಜ್ಞಾತಗಳು ಉಳಿದುಬಿಡುತ್ತವೆ. ಆಗ ಯೋಚಿಸಬೇಕಾದದ್ದು ಇಷ್ಟು: 63 ಬೀಜಗಳನ್ನು 60 ಮಂದಿಗಿಂತ ಹೆಚ್ಚು ಜನರಿಗೆ ಹಂಚಲಾಗದು, ಆದ್ದರಿಂದ 3 ಮಂದಿಯ ಕೈಯಲ್ಲಾದರೂ ಎರಡೆರಡು ಬೀಜ ಇರಲೇಬೇಕು, ಖೋ-ಖೋ ಆಡುವ 29 ಮಂದಿಯೂ ಕಬಡ್ಡಿ ಆಡುವವರೇ ಆಗಿದ್ದರೆ ಗರಿಷ್ಠ 29. ಸಂಯೋಗವೂ ಅದೇ ಪ್ರಕಾರ 34ಕ್ಕೂ 60ಕ್ಕೂ ನಡುವೆ ಎಲ್ಲಿಯಾದರೂ ಇರಬಹುದು. 34 ಮತ್ತು 29ನ್ನು ಕೂಡಿ 63 ಎಂದು ಬರೆದು, ತರಗತಿಯಲ್ಲಿರುವವರೇ 60 ಎಂಬುದನ್ನು ಗಮನಿಸದೆ ಮುಂದೆ ಹೋಗುವ ಹುಡುಗನಿಗೆ ಸೂತ್ರವೂ ಗಡಿಯಾರವೂ ಸಹಾಯ ಮಾಡಲಾರವು.

ಹೊಳೆದಂಡೆ

ಮೂವರಿಗೂ ಕೃತಜ್ಞತೆಗಳು. 43 ಎಂದಿದ್ದ ಹುಡುಗಿಗೆ ಖೋ-ಖೋ ವೃತ್ತ ತುಂಬಿಸಲು ಇಂದೇ ಹೇಳಿದೆ. −1 ಬಂದಾಗ ಅವಳು ಮೊದಲು ಮಾಡಿದ ಕೆಲಸ ಕೂಡಿಕೆಯನ್ನು ಇನ್ನೊಮ್ಮೆ ಪರೀಕ್ಷಿಸಿದ್ದು, ಆಮೇಲೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿದ್ದು. ನನಗೆ ಬಹಳ ಸಂತೋಷವಾಯಿತು.

ಈಗ ಅವಳದೇ ಒಂದು ಪ್ರಶ್ನೆಯಿದೆ. ನಾಲ್ಕನೆಯ ಆಟವೊಂದು ಸೇರಿದರೆ ಏನು ಮಾಡಬೇಕು? ನಾಲ್ಕು ವೃತ್ತ ಬರೆಯಲು ಹೋಗಿ, ಎಷ್ಟು ಸಲ ಅಳಿಸಿ ಬರೆದರೂ ಎಲ್ಲ ಕೋಣೆಗಳೂ ಸಿಗುತ್ತಿಲ್ಲ ಎನ್ನುತ್ತಾಳೆ.

ಉತ್ತರ 5: ಜರಡಿ

ಆ ಹುಡುಗಿಯ ಕೈವಾರದಲ್ಲಿ ದೋಷವಿಲ್ಲ. ನಾಲ್ಕು ಆಟಗಳಲ್ಲಿ ಪ್ರತಿಯೊಂದನ್ನೂ ಒಬ್ಬ ವಿದ್ಯಾರ್ಥಿ ಆಡಬಹುದು ಅಥವಾ ಬಿಡಬಹುದು; ಹಾಗಾಗಿ ಒಟ್ಟು 2 × 2 × 2 × 2 = 16 ಕೋಣೆಗಳು ಬೇಕು, ಹೊರಗಿನ ಜಾಗವೂ ಸೇರಿ. ಆದರೆ ನಾಲ್ಕು ವೃತ್ತಗಳು ಹಾಳೆಯನ್ನು ಹೆಚ್ಚೆಂದರೆ 14 ಭಾಗಗಳಾಗಿ ಮಾತ್ರ ಒಡೆಯಬಲ್ಲವು. ಎರಡು ವೃತ್ತಗಳು ಒಂದನ್ನೊಂದು ಎರಡೇ ಬಿಂದುಗಳಲ್ಲಿ ಕತ್ತರಿಸುವುದರಿಂದ, ಈಗಾಗಲೇ ಮೂರು ವೃತ್ತಗಳಿರುವ ಚಿತ್ರಕ್ಕೆ ನಾಲ್ಕನೆಯದನ್ನು ಸೇರಿಸಿದಾಗ ಅದು ಹೆಚ್ಚೆಂದರೆ 6 ಬಿಂದುಗಳಲ್ಲಿ ಕತ್ತರಿಸಿ 6 ಹೊಸ ಭಾಗಗಳನ್ನು ಕೊಡುತ್ತದೆ. ಇದ್ದ 8ಕ್ಕೆ 6 ಸೇರಿ 14. ಎರಡು ಕೋಣೆ ಯಾವಾಗಲೂ ಕೊರತೆ. ಈ ಚಿತ್ರಗಳನ್ನು 1880ರಲ್ಲಿ ಪ್ರಕಟಿಸಿದ ಜಾನ್ ವೆನ್ ಅವರಿಗೇ ಈ ತೊಡಕು ಎದುರಾಗಿತ್ತು. ನಾಲ್ಕು ಗಣಗಳಿಗೆ ಅವರು ವೃತ್ತಗಳನ್ನು ಬಿಟ್ಟು ದೀರ್ಘವೃತ್ತಗಳನ್ನು ಬಳಸಿದರು. ಆ ಚಿತ್ರ ಸುಂದರವಾಗಿದೆ, ಲೆಕ್ಕ ಮಾಡಲು ಮಾತ್ರ ಅಷ್ಟೇನೂ ಅನುಕೂಲವಲ್ಲ.

ಆದ್ದರಿಂದ ಚಿತ್ರವನ್ನು ಬದಿಗಿಟ್ಟು ಮೇಷ್ಟ್ರ ಬೀಜಗಳಿಗೇ ಮರಳೋಣ. ನಾಲ್ಕೂ ಆಟ ಆಡುವವನಿಗೆ ಮೊದಲು 4 ಬೀಜ ಸಿಗುತ್ತದೆ. ಜೋಡಿ ಪಟ್ಟಿಗಳು 6 ಇರುವುದರಿಂದ ಅವನು 6 ಕೊಡಬೇಕು, ಅಂದರೆ ಎರಡು ಸಾಲವಾಯಿತು. ಮೂರು ಮೂರು ಆಟಗಳ ಪಟ್ಟಿಗಳು 4 ಇವೆ. ಅವುಗಳಿಂದ 4 ಮರಳಿ ಬರುತ್ತದೆ, ಈಗ ಕೈಯಲ್ಲಿ 2. ಒಂದು ಹೆಚ್ಚಾಯಿತು, ಆದ್ದರಿಂದ ನಾಲ್ಕರ ಛೇದನವನ್ನು ಕಳೆಯಬೇಕು: 4 − 6 + 4 − 1 = 1. ಕೂಡು, ಕಳೆ, ಕೂಡು, ಕಳೆ ಎಂಬ ಈ ಕ್ರಮ ಎಷ್ಟು ಗಣಗಳಿದ್ದರೂ ಹೀಗೆಯೇ ಮುಂದುವರಿಯುತ್ತದೆ, ಮತ್ತು ಪ್ರತಿಯೊಬ್ಬನ ಕೈಯಲ್ಲೂ ಕೊನೆಗೆ ಒಂದೇ ಬೀಜ ಉಳಿಯುತ್ತದೆ.

ಹಾಗೆ ಉಳಿಯುವುದೇಕೆ ಎಂಬುದನ್ನು ಅವಳಿಗೆ ಒಂದು ಚಿಕ್ಕ ಉಪಾಯದಿಂದ ತೋರಿಸಬಹುದು. ಒಬ್ಬನು ಆಡುವ ಆಟಗಳಲ್ಲಿ ಒಂದನ್ನು, ಕಬಡ್ಡಿ ಎಂದಿಟ್ಟುಕೊಳ್ಳಿ, ಗುರುತು ಮಾಡಿ. ಅವನ ಆಟಗಳಿಂದ ಆಯ್ದ ಪ್ರತಿಯೊಂದು ಗುಂಪಿನಲ್ಲೂ ಕಬಡ್ಡಿ ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಸೇರಿಸಿ. ಸಮ ಸಂಖ್ಯೆಯ ಆಟಗಳ ಗುಂಪು ಬೆಸ ಸಂಖ್ಯೆಯ ಗುಂಪಾಗುತ್ತದೆ, ಬೆಸವಿದ್ದದ್ದು ಸಮವಾಗುತ್ತದೆ. ಹೀಗೆ ಎಲ್ಲ ಗುಂಪುಗಳೂ ಜೋಡಿಯಾಗಿಬಿಡುವುದರಿಂದ ಸಮ ಗುಂಪುಗಳೂ ಬೆಸ ಗುಂಪುಗಳೂ ಸರಿಸಮ. ಬೆಸ ಗುಂಪುಗಳೆಲ್ಲ ನಮ್ಮ ಸೂತ್ರದಲ್ಲಿ ಕೂಡುವ ಚಿಹ್ನೆಯೊಂದಿಗೆ ಬರುತ್ತವೆ, ಸಮ ಗುಂಪುಗಳು ಕಳೆಯುವ ಚಿಹ್ನೆಯೊಂದಿಗೆ. ಆದರೆ ಸಮ ಗುಂಪುಗಳಲ್ಲಿ ಒಂದು ಶೂನ್ಯ ಗಣ, ಅಂದರೆ ಒಂದೂ ಆಟವಿಲ್ಲದ ಗುಂಪು; ಅದಕ್ಕೆ ಸೂತ್ರದಲ್ಲಿ ಸ್ಥಾನವಿಲ್ಲ. ಕಳೆಯುವ ಕಡೆ ಒಂದು ಕಡಿಮೆಯಾದದ್ದೇ ಕೈಯಲ್ಲಿ ಉಳಿದ ಆ ಒಂದು ಬೀಜ. ನಾಲ್ಕರಲ್ಲಿ ಎರಡನ್ನು ಆರು ಬಗೆಯಲ್ಲಿ ಆಯಬಹುದು ಎಂಬಂಥ ಎಣಿಕೆಗೆ ಸಾಮಾನ್ಯ ನಿಯಮವನ್ನು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲಿಯೇ ತಮ್ಮ ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದಾರೆ ಎಂಬುದನ್ನು ಮಕ್ಕಳಿಗೆ ಹೇಳಿದರೆ ಅವರಿಗೂ ಹಿತವೆನಿಸಬಹುದು.

ನಾಲ್ಕು ಗಣಗಳಿಗೆ ಆಟಗಳ ಉದಾಹರಣೆ ಕಟ್ಟುವುದು ಬೇಸರದ ಕೆಲಸ, ಅಂಕಿಗಳೆಲ್ಲ ನಾವೇ ಸೃಷ್ಟಿಸಿದವು. ಅದರ ಬದಲು ಇದನ್ನು ಮಾಡಿಸಿ: 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ 2, 3, 5, 7 ಇವುಗಳಲ್ಲಿ ಒಂದರಿಂದಾದರೂ ಭಾಗವಾಗುವವು ಎಷ್ಟು?

2ರಿಂದ ಭಾಗವಾಗುವವು 50, 3ರಿಂದ 33, 5ರಿಂದ 20, 7ರಿಂದ 14, ಮೊತ್ತ 117. ಜೋಡಿಗಳಲ್ಲಿ 6ರಿಂದ ಭಾಗವಾಗುವವು 16, 10ರಿಂದ 10, 14ರಿಂದ 7, 15ರಿಂದ 6, 21ರಿಂದ 4, 35ರಿಂದ 2; ಮೊತ್ತ 45. ಮೂರರ ಗುಂಪುಗಳಲ್ಲಿ 30ರಿಂದ 3, 42ರಿಂದ 2, 70ರಿಂದ 1, 105ರಿಂದ ಯಾವುದೂ ಇಲ್ಲ, ಮೊತ್ತ 6. ನಾಲ್ಕನ್ನೂ ಗುಣಿಸಿದ 210ರಿಂದ ಭಾಗವಾಗುವ ಸಂಖ್ಯೆ ನೂರರೊಳಗೆ ಇಲ್ಲ. ಆದ್ದರಿಂದ 117 − 45 + 6 − 0 = 78.

ಇದರ ಸೊಗಸಿರುವುದು ಉಳಿದ 22ರಲ್ಲಿ. ನೂರರೊಳಗಿನ ಯಾವುದೇ ಭಾಜ್ಯ ಸಂಖ್ಯೆಗೆ 10ನ್ನು ಮೀರದ ಅವಿಭಾಜ್ಯ ಅಪವರ್ತನವೊಂದು ಇರಲೇಬೇಕು, ಅಂದರೆ 2, 3, 5, 7 ಇವುಗಳಲ್ಲಿ ಒಂದು. ಹಾಗಾಗಿ ಉಳಿದ 22ರಲ್ಲಿ 1ನ್ನು ಬಿಟ್ಟರೆ 21 ಸಂಖ್ಯೆಗಳೂ ಅವಿಭಾಜ್ಯಗಳೇ. ಜರಡಿಯಲ್ಲಿ ಹೊರಗೆ ಹೋಗಿದ್ದ 2, 3, 5, 7 ಇವನ್ನು ಮರಳಿ ಸೇರಿಸಿದರೆ 25, ಮಕ್ಕಳು ಕೆಳಗಿನ ತರಗತಿಗಳಲ್ಲಿ ಬಾಯಿಪಾಠ ಮಾಡಿದ್ದ ಅದೇ 25. ಈ ನಾಲ್ಕನ್ನು ಬಿಟ್ಟು ಬೇರೆ ಒಂದೂ ಅವಿಭಾಜ್ಯವನ್ನು ಹೆಸರಿಸದೆ ಅವುಗಳನ್ನೆಲ್ಲ ಎಣಿಸಿದಂತಾಯಿತು. ಉತ್ತರ ಸರಿಯೇ ಎಂದು ನೋಡಲು ಪುಸ್ತಕದ ಕೊನೆಯ ಪುಟ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ಇಲ್ಲಿ ಜೋಡಿಗಳಿಗೆ ಗುಣಲಬ್ಧವನ್ನು ಬಳಸಿದ್ದು ಸರಿಯಾದದ್ದು ನಾಲ್ಕೂ ಅವಿಭಾಜ್ಯಗಳಾಗಿರುವ ಕಾರಣಕ್ಕೆ. 4ರಿಂದ ಅಥವಾ 6ರಿಂದ ಭಾಗವಾಗುವವು ಎಷ್ಟು ಎಂದು ಕೇಳಿದರೆ ಛೇದನ ಗಣಕ್ಕೆ 24ನ್ನು ತೆಗೆದುಕೊಳ್ಳಬಾರದು, ಲ.ಸಾ.ಅ. ಆದ 12ನ್ನು ತೆಗೆದುಕೊಳ್ಳಬೇಕು. ನೂರರೊಳಗೆ 25 + 16 − 8 = 33 ಎಂಬುದು ಸರಿಯುತ್ತರ; 24 ಹಿಡಿದವರಿಗೆ 37 ಬರುತ್ತದೆ, ಮತ್ತು ಬಹು ಆಯ್ಕೆಯ ಪ್ರಶ್ನೆಯಾಗಿದ್ದರೆ ಆ 37 ಆಯ್ಕೆಗಳಲ್ಲಿ ಇದ್ದೇ ಇರುತ್ತದೆ.

ಉತ್ತರ 6: ಕರೆಯೋಲೆ

ನಾನು ಗಣಿತದವನಲ್ಲ, ಆದರೂ 53ರ ತಪ್ಪನ್ನು ಹಣ ಕೊಟ್ಟು ಮಾಡಿದವನು. ತಂಗಿಯ ಮದುವೆಗೆ ಕರೆಯಬೇಕಾದ ಮನೆಗಳ ಪಟ್ಟಿಯನ್ನು ಅಪ್ಪ, ಅಣ್ಣ, ನಾನು ಬೇರೆ ಬೇರೆಯಾಗಿ ಬರೆದೆವು. ಅಣ್ಣನದು 180, ನನ್ನದು 140, ಅಪ್ಪನದು 95. ಮೂರು ಪಟ್ಟಿಗಳನ್ನು ಎರಡೆರಡಾಗಿ ಪಕ್ಕದಲ್ಲಿಟ್ಟು ಎರಡರಲ್ಲೂ ಇರುವ ಮನೆಗಳಿಗೆ ಗುರುತು ಹಾಕಿದೆವು: ಅಣ್ಣನದರಲ್ಲೂ ನನ್ನದರಲ್ಲೂ 60, ನನ್ನದರಲ್ಲೂ ಅಪ್ಪನದರಲ್ಲೂ 30, ಅಣ್ಣನದರಲ್ಲೂ ಅಪ್ಪನದರಲ್ಲೂ 45. ನಾನು 415ರಿಂದ 135 ಕಳೆದು 280 ಆಮಂತ್ರಣ ಪತ್ರಿಕೆ ಅಚ್ಚು ಹಾಕಲು ಹೇಳಿಬಿಟ್ಟೆ.

ಹಂಚುತ್ತಾ ಹೋದಂತೆ ಪತ್ರಿಕೆಗಳು ಮುಗಿದವು, ಮನೆಗಳು ಮುಗಿಯಲಿಲ್ಲ. ಮೂರೂ ಪಟ್ಟಿಗಳಲ್ಲಿದ್ದ 25 ಮನೆಗಳು ನನ್ನ ಎಣಿಕೆಯಿಂದಲೇ ಬಿಟ್ಟುಹೋಗಿದ್ದವು; ಬೇಕಾಗಿದ್ದದ್ದು 305. ಮೂವರೂ ಮರೆಯದೆ ಬರೆದುಕೊಂಡಿದ್ದ ಆ ಮನೆಗಳು ಯಾರವು ಎಂದು ಹೇಳಬೇಕಾಗಿಲ್ಲ: ಸೋದರಮಾವಂದಿರು, ಅತ್ತೆಯಂದಿರು, ದೊಡ್ಡಪ್ಪನ ಮಕ್ಕಳು. ಮೇಷ್ಟ್ರು ಹೇಳಿದ ಬರಿಗೈಯ ಐವರನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೋದರಮಾವನ ಮುಖ. ಇಪ್ಪತ್ತೈದು ಪತ್ರಿಕೆಗಳನ್ನು ಮಾತ್ರ ಮತ್ತೆ ಅಚ್ಚು ಹಾಕಲು ಮುದ್ರಣಾಲಯದವರು ಒಪ್ಪಲಿಲ್ಲ, ಕೊನೆಗೆ ನೂರು ಹಾಕಿಸಿದೆವು. ಉಳಿದವು ಇಂದಿಗೂ ಬೀರುವಿನ ಮೇಲಿವೆ.

ಹೊಳೆದಂಡೆ

ಮೇಷ್ಟ್ರೇ, ನಿನ್ನೆ ಸಂಜೆ ಬೀಜದ ಪಾಠವನ್ನು ನಮ್ಮ ಹನ್ನೆರಡು ಮಂದಿಯಲ್ಲಿಯೇ ಮಾಡಿದೆ. ಅಂಕಿಗಳನ್ನು ಕಟ್ಟಲಿಲ್ಲ, ಯಾರು ನಿಜವಾಗಿ ಏನು ಆಡುತ್ತಾರೋ ಅದನ್ನೇ ಬರೆದುಕೊಂಡೆವು. ಕಬಡ್ಡಿ 7, ಖೋ-ಖೋ 6, ವಾಲಿಬಾಲ್ 5. ಹದಿನೆಂಟು ಬೀಜ ಹಂಚಿದೆ. ಜೋಡಿ ಪಟ್ಟಿಗಳಲ್ಲಿ 3, 3, 2 ಹೆಸರುಗಳಿದ್ದವು, ಎಂಟು ಬೀಜ ಮರಳಿ ಪಡೆದೆ. ಹತ್ತು ಮಂದಿಯ ಕೈಯಲ್ಲಿ ಒಂದೊಂದು ಬೀಜ ಉಳಿಯಿತು.

ಬರಿಗೈಯಲ್ಲಿ ಇಬ್ಬರು ನಿಂತಿದ್ದರು. ಒಬ್ಬಳು ಮೂರೂ ಆಟ ಆಡುವವಳು. ಇನ್ನೊಬ್ಬನು ಯಾವ ಆಟವನ್ನೂ ಆಡದೆ ಯಾವಾಗಲೂ ಅಂಕ ಬರೆಯಲು ಕೂರುವವನು. 'ಇಲ್ಲಿಗೇ ನಿಲ್ಲಿಸಿದರೆ ನಾನೂ ಇವನೂ ಒಂದೇ ಲೆಕ್ಕವೇ, ಮಿಸ್?' ಎಂದು ಅವಳು ಕೇಳಿದಳು. ಡಬ್ಬಿಯಿಂದ ಒಂದು ಬೀಜ ತೆಗೆದು ಅವಳ ಕೈಗೆ ಹಾಕಿದೆ, ಹನ್ನೊಂದಾಯಿತು. ಕಳೆದ ವಾರ 53 ಎಂದು ಬರೆದಿದ್ದವರು ಆಗಲೇ ನೋಟುಪುಸ್ತಕ ತೆರೆದು, ಯಾರೂ ಹೇಳದೆಯೇ, ಕೊನೆಯ ಸಾಲಿಗೆ 5ನ್ನು ಕೂಡುತ್ತಿದ್ದರು.